ಮುಟ್ಟಿದ್ದು ಯಾರಿಗೆ ಗೊತ್ತು?

ನಮ್ಮೂರ ಹೈಸ್ಕೂಲಿನ ಬಯಲಿಗೆ ದಿನವೂ ಸಂಜೆ ನಾಲ್ಕೂವರೆಗೆ ಒಬ್ಬರು ಬರುತ್ತಿದ್ದರು. ಮೊಣಕಾಲಿನಿಂದ ತುಸುವೇ ಕೆಳಗಿಳಿದ ಖಾದಿ ಧೋತರ, ಜೋಲು ಕಿಸೆಯ ಅಂಗಿ, ಮಾಸಿದ ಗಾಂಧಿ ಟೊಪ್ಪಿಗೆ, ಕೊರಳಲ್ಲಿ ಕರಿಯ ದಾರಕ್ಕೆ ಕಟ್ಟಿದ ಹಿತ್ತಾಳೆಯ ಸೀಟಿ, ಕೈಯಲ್ಲೊಂದು ಸುಣ್ಣದ ಡಬ್ಬಿ. ಬಂದವರೇ ಹಿಂದಿನ ದಿನದ ಗೆರೆ ಎಲ್ಲಿ ಅಳಿಸಿದೆಯೆಂದು ನೋಡಿ, ಕುಕ್ಕರಗಾಲಿನಲ್ಲಿ ಕುಳಿತು ಅದನ್ನು ತಿದ್ದುವರು. ಆಮೇಲೆ ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡು ಸೀಟಿ ಊದುವರು. ಅವರು ಶಾಲೆಯ ಮಾಸ್ತರರಲ್ಲ. ಡ್ರಿಲ್ ಮಾಸ್ತರರ ಹುದ್ದೆ ವರ್ಷದ ಅರ್ಧ ಖಾಲಿ ಬಿದ್ದಿರುತ್ತಿದ್ದ ಶಾಲೆ ಅದು. ಯಾರೂ ಕರೆಯದೆ ಬಂದರು, ಯಾರೂ ಬೇಡವೆನ್ನಲಿಲ್ಲವಾದ್ದರಿಂದ ಉಳಿದರು. ಹೀಗೆ ಇಪ್ಪತ್ತೆಂಟು ವರ್ಷ.

ಹುಡುಗರು ಅವರನ್ನು ಕಾಕಾ ಎನ್ನುತ್ತಿದ್ದೆವು, ದೊಡ್ಡವರು ಗೌಡ್ರು ಎನ್ನುತ್ತಿದ್ದರು. ಅವರು ನಾಲ್ವತ್ತೆರಡರ ಚಳವಳಿಯವರು, ಜೈಲು ಕಂಡವರು ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಆಗಸ್ಟ್ 15ರಂದು ಅವರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕುತ್ತಿದ್ದರು. ಭಾಷಣಕಾರರು ತಮ್ಮ ಹೆಸರು ಎತ್ತಿದಾಗಲೆಲ್ಲ ಅವರಿಗೆ ಕೆಮ್ಮು ಬರುತ್ತಿತ್ತು. ಚಿಕ್ಕಂದಿನಲ್ಲಿ ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರ ಸೇವಾದಳದಲ್ಲಿ ಕವಾಯಿತು, ಲೇಜಿಮು ಕಲಿತಿದ್ದರಂತೆ. ನಮಗೆ ಕಲಿಸಿದ್ದೂ ಆ ಬಂಡವಾಳದಿಂದಲೇ. 1923ರಲ್ಲಿ ಹುಟ್ಟಿದ ಆ ದಳವನ್ನು ಸರಕಾರ 1932ರಲ್ಲಿ ನಿಷೇಧಿಸಿತು. ಸಾಲಾಗಿ ನಿಂತು ಕೈಕಾಲು ಆಡಿಸುವ ಹುಡುಗರನ್ನು ಕಂಡು ಒಂದು ಸಾಮ್ರಾಜ್ಯ ಹೆದರಿತೆಂಬುದು ಆಗ ನನಗೆ ತಮಾಷೆಯಾಗಿ ಕಂಡಿತ್ತು. ಈಗ ಹಾಗೆ ಕಾಣುವುದಿಲ್ಲ.

ನಾನು ಇಲ್ಲಿ ಎತ್ತಿಕೊಂಡಿರುವ ಪ್ರಶ್ನೆ ನನಗೆ ಹೊಳೆದದ್ದು ಬಹಳ ತಡವಾಗಿ. ತಾರುಣ್ಯದಲ್ಲಿ ಕಾನೂನು ಮುರಿಯುವುದೇ ಧರ್ಮವೆಂದು ತಿಳಿದು ಹಾಗೆಯೇ ನಡೆದ ಮನುಷ್ಯ, ನಡುವಯಸ್ಸಿನಲ್ಲಿ ಕೈಯಲ್ಲಿ ಸೀಟಿ ಹಿಡಿದು, ಗೆರೆ ದಾಟಿದ ಹುಡುಗನನ್ನು ಹೊರಗೆ ಕಳಿಸುವುದು ಹೇಗೆ? ತಂತಿ ಕತ್ತರಿಸಿದ ಕೈ ಗೆರೆ ಎಳೆಯಬಹುದೆ? ಹುಡುಗನಾಗಿದ್ದಾಗ ಈ ಪ್ರಶ್ನೆ ಇರಲಿಲ್ಲ, ಏಕೆಂದರೆ ಹುಡುಗರಿಗೆ ಎಲ್ಲ ದೊಡ್ಡವರೂ ಹುಟ್ಟಿನಿಂದಲೇ ದೊಡ್ಡವರು.

1942ರ ಆಗಸ್ಟ್ 8ರಂದು ಮುಂಬಯಿಯಲ್ಲಿ ಗೊತ್ತುವಳಿಯಾಯಿತು; ಮರುದಿನ ಬೆಳಗಾಗುವಷ್ಟರಲ್ಲಿ ಮುಂದಾಳುಗಳೆಲ್ಲ ಸೆರೆಯಾಗಿದ್ದರು. ಹುಬ್ಬಳ್ಳಿಯಲ್ಲಿ ಬಾಲಕ ನಾರಾಯಣ ಡೋಣಿ ಪೋಲೀಸರ ಗುಂಡಿಗೆ ಬಿದ್ದ. ಹೇಳುವವರಿಲ್ಲದಾಗ ಹಳ್ಳಿಯವರು ತಮಗೆ ತೋಚಿದ್ದನ್ನು ಮಾಡಿದರು. ನಮ್ಮ ಭಾಗದಲ್ಲಿ ತೋಚಿದ್ದು ತಂತಿ ಕತ್ತರಿಸುವುದು, ಟಪಾಲು ಚೀಲ ಕಸಿಯುವುದು, ಚಾವಡಿಗೆ ಬೆಂಕಿಯಿಡುವುದು. ಮೈಲಾರ ಮಹಾದೇವಪ್ಪನವರ ಹೆಸರು ವರದಾ ನದಿಯ ದಂಡೆಯ ಹಳ್ಳಿಗಳಲ್ಲಿ ಪಿಸುಮಾತಾಗಿ ಓಡಾಡುತ್ತಿದ್ದ ಕಾಲ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಅವರೂ, ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರೂ ಗುಂಡಿಗೆ ಬಲಿಯಾದರು. ಕಾಕಾ ಅವರ ಗುಂಪಿನವರಲ್ಲ. ಅಂಥ ಹತ್ತಾರು ಸಣ್ಣ ಗುಂಪುಗಳಲ್ಲೊಂದರಲ್ಲಿ ಆರನೆಯವರಾಗಿದ್ದರು.

ಆ ದಿನಗಳ ಮಾತನ್ನು ಅವರು ತಾವಾಗಿ ಎತ್ತುತ್ತಿರಲಿಲ್ಲ. ಒಂದು ಸಲ ಮಾತ್ರ ಎತ್ತಿಸಿಕೊಂಡರು. ನಮಗೆ ಇತಿಹಾಸದ ಮಾಸ್ತರರು ಶಿಕಾರಿಪುರ ತಾಲೂಕಿನ ಈಸೂರಿನ ಕಥೆ ಹೇಳಿದ್ದರು: ಹಳ್ಳಿಯವರು ತಮ್ಮದೇ ಸರಕಾರ ಕಟ್ಟಿ, ಎಳೆಯ ಹುಡುಗರಿಬ್ಬರನ್ನು ಅಮಲ್ದಾರ, ಸಬ್‌ಇನ್ಸ್‌ಪೆಕ್ಟರ್ ಎಂದು ನೇಮಿಸಿದ್ದು; 1942ರ ಸೆಪ್ಟೆಂಬರಿನಲ್ಲಿ ನಿಜವಾದ ಅಮಲ್ದಾರರೂ ಸಬ್‌ಇನ್ಸ್‌ಪೆಕ್ಟರರೂ ಬಂದಾಗ ಗಲಭೆಯಾಗಿ ಅವರಿಬ್ಬರೂ ಸತ್ತದ್ದು; ಮುಂದಿನ ಮಾರ್ಚಿಯಲ್ಲಿ ಊರಿನ ಐವರು ಗಲ್ಲಿಗೇರಿದ್ದು. ಹುಡುಗರ ಸರಕಾರವೆಂದರೆ ಹುಡುಗರಿಗೆ ಇನ್ನೇನು ಬೇಕು? ಮರುದಿನ ಬಯಲಿನಲ್ಲಿ ನಾವು ಈಸೂರಿನ ಆಟ ಹೂಡಿದೆವು. ನಾನು ಅಮಲ್ದಾರ. ಕಾಕಾ ದೂರದಲ್ಲಿ ನಿಂತು ಬಹಳ ಹೊತ್ತು ನೋಡಿದರು. ಇಬ್ಬರು ಸತ್ತು ಬಿದ್ದು, ಆಮೇಲೆ ಧೂಳು ಕೊಡವಿಕೊಂಡು ಎದ್ದಾಗ ಹತ್ತಿರ ಬಂದು, "ಅಲ್ಲಿ ಸತ್ತವರು ಸಂಜೀಕ ಎದ್ದು ಮನೀಗೆ ಹೋಗಲಿಲ್ಲಪಾ" ಎಂದರು. ಗದರಿಸಲಿಲ್ಲ. ಅಷ್ಟು ಹೇಳಿ ಖೋ ಖೋ ಆಟಕ್ಕೆ ಸಾಲು ಕೂರಿಸಿದರು.

1966ರಲ್ಲಿ ತಾಲೂಕಿನ ಪಂದ್ಯಾಟಗಳಲ್ಲಿ ನಮ್ಮ ಶಾಲೆ ಕಬಡ್ಡಿಯ ಕೊನೆಯ ಪಂದ್ಯಕ್ಕೆ ಬಂತು. ಕಾಗದದ ಮೇಲೆ ಕಬಡ್ಡಿ. ನಮ್ಮ ಬಾಯಲ್ಲಿ ಅದಿನ್ನೂ ಹುತೂತು. ಆಡಿದವರಿಗೆ ಹೇಳಬೇಕಾಗಿಲ್ಲ, ಆಡದವರಿಗಾಗಿ ಹೇಳುತ್ತೇನೆ: ದಮ್ಮು ಹಿಡಿದು ಬಂದವನು ಎದುರಿನವನನ್ನು ಮುಟ್ಟಿ ತನ್ನ ಅಂಗಳಕ್ಕೆ ಹಿಂದಿರುಗಿದರೆ, ಮುಟ್ಟಿಸಿಕೊಂಡವನು ಹೊರಗೆ. ಈ ಮುಟ್ಟುವುದೆಂಬುದು ವಿಚಿತ್ರ. ಧೂಳಿನಲ್ಲಿ, ಏಳೆಂಟು ಮಂದಿಯ ಕಾಲುಗಳ ನಡುವೆ, ಬೆರಳ ತುದಿ ಹಿಮ್ಮಡಿಗೆ ತಾಗಿತೊ ಇಲ್ಲವೊ ಎಂಬುದನ್ನು ಪಂಚರು ಎಷ್ಟು ಹತ್ತಿರ ನಿಂತರೂ ಎಷ್ಟೋ ಸಲ ಕಾಣಲಾರರು. ಮುಟ್ಟಿದವನಿಗೂ ಕೆಲವು ಸಲ ಸಂದೇಹವೇ. ಖಂಡಿತ ಗೊತ್ತಿರುವವನು ಒಬ್ಬನೆ, ಮುಟ್ಟಿಸಿಕೊಂಡವನು. ಆದ್ದರಿಂದ ಕಾಕಾ ನಮಗೆ ಹಾಕಿಕೊಟ್ಟ ಮೊದಲ ಪಾಠ, ಮುಟ್ಟಿದರೆ ಕೈ ಎತ್ತಬೇಕು, ಕೈ ಎತ್ತಿ ತಾನಾಗಿ ಹೊರಗೆ ನಡೆಯಬೇಕು. ಪಂಚರು ಕೇಳುವವರೆಗೆ ಕಾಯಬಾರದು.

ಕೊನೆಯ ನಿಮಿಷದಲ್ಲಿ ನಾವು ಒಂದು ಅಂಕ ಮುಂದಿದ್ದೆವು. ಅವರ ಕಡೆಯ ಸಪೂರ ಹುಡುಗನೊಬ್ಬ ಬಂದು, ಕಾಲು ಚಾಚಿ, ನನ್ನ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಹೊರಟುಹೋದ. ಗೆರೆ ದಾಟಿ ನನ್ನತ್ತ ಬೆರಳು ತೋರಿಸಿದ. ಪಂಚರು ನನ್ನ ಮುಖ ನೋಡಿದರು. ನನ್ನ ಕೈ ಏಳಲಿಲ್ಲ. ಅದನ್ನು ಎತ್ತಬಾರದೆಂದು ನಾನು ನಿರ್ಧರಿಸಿದೆನೆಂದು ಹೇಳಿದರೆ ಸುಳ್ಳಾದೀತು, ಏಳಲಿಲ್ಲ, ಅಷ್ಟೆ. ಸೀಟಿ ಊದಿತು. ಗೆದ್ದೆವು. ಢಾಲನ್ನು ಎತ್ತಿಕೊಂಡು ಎತ್ತಿನ ಬಂಡಿಯಲ್ಲಿ ಹಾಡುತ್ತ ಊರಿಗೆ ಬಂದೆವು.

ಕಾಕಾ ನಮ್ಮ ಹಿಂದಿನ ಗೆರೆಯ ಆಚೆ, ಹಗ್ಗದ ಬದಿಯಲ್ಲಿ ಕುಳಿತಿದ್ದರು. ನನ್ನ ಹಿಮ್ಮಡಿ ಅವರಿಂದ ಮೂರು ಮಾರು ದೂರ.

ಮರುದಿನ ಎಂದಿನಂತೆ ಬಂದು ಗೆರೆ ತಿದ್ದುತ್ತ, ತಲೆ ಎತ್ತದೆಯೇ ಕೇಳಿದರು: "ತಮ್ಮಾ, ನಿನ್ನೆ ಆ ಹುಡುಗ ನಿನ್ನ ಮುಟ್ಟಿದನೋ ಇಲ್ಲೋ?"

"ಇಲ್ಲ ಕಾಕಾ."

"ಹಂಗಾದರ ಸರಿ."

ಮೂರು ದಿನ ನಾನು ಸರಿಯಾಗಿ ಊಟ ಮಾಡಲಿಲ್ಲ. ನಾಲ್ಕನೆಯ ದಿನ ಅವರ ಮನೆಯ ಹಿತ್ತಿಲಿಗೆ ಹೋಗಿ, ದನಕ್ಕೆ ಮೇವು ಹಾಕುತ್ತಿದ್ದವರ ಮುಂದೆ ನಿಂತು ಹೇಳಿಬಿಟ್ಟೆ. ಏಟು ಬೀಳುವುದೆಂದು ಕಣ್ಣು ಮುಚ್ಚಿದ್ದೆನೆಂದು ನೆನಪು. ಏಟು ಬೀಳಲಿಲ್ಲ. ಅವರು ಮೇವಿನ ಸಿವುಡನ್ನು ಕೆಳಗಿಟ್ಟು, "ನಾನೂ ಕಂಡಿದ್ದೆ. ಕಂಡೂ ಸುಮ್ಮನ ಕುಂತೆ ನೋಡು. ನಂದು ಇದು ಎರಡನೇ ಸಲ" ಎಂದರು. ಆಮೇಲೆ ಮೊದಲನೆಯ ಸಲದ ಕಥೆ ಹೇಳಿದರು.

1942ರ ನವೆಂಬರಿನ ಒಂದು ರಾತ್ರಿ ಆರು ಮಂದಿ ನಾಲ್ಕು ಮೈಲಿ ದೂರದ ಹಳ್ಳಿಯ ಚಾವಡಿಗೆ ಬೆಂಕಿಯಿಟ್ಟರು. ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದರು. ಚಾವಡಿ ಕಾಯುತ್ತಿದ್ದ ವಾಲೀಕಾರನನ್ನು ಎಬ್ಬಿಸಿ, ಅವನ ರುಮಾಲಿನಿಂದಲೇ ಅವನ ಕೈ ಕಟ್ಟಿ, ಬೆಂಕಿಯ ಝಳ ತಾಗದ ಹಾಗೆ ದೂರದ ಬೇವಿನ ಮರಕ್ಕೆ ಒರಗಿಸಿ ಕೂರಿಸಿದರು. ಕಟ್ಟಿದವರು ಕಾಕಾ. ದಫ್ತರವೆಲ್ಲ ಬೂದಿಯಾಯಿತು. ಬೆಳಗಾದ ಮೇಲೆ ಫೌಜದಾರ ಬಂದ. ಆರು ಮಂದಿ ಬಂದು ಹೋದರೂ ಒಬ್ಬನ ಗುರುತೂ ಸಿಕ್ಕಿಲ್ಲವೆಂದರೆ ಇವನೇ ಒಳಗಿನವನೆಂದು ವಾಲೀಕಾರನನ್ನು ಹಿಡಿದ. ಹನ್ನೊಂದು ದಿನ ಕಚೇರಿಯ ಕೋಣೆಯಲ್ಲಿಟ್ಟು ಹೊಡೆದರು. ಹೊರಗೆ ಬಂದಾಗ ಅವನ ಬಲಗೈಯ ಎರಡು ಬೆರಳು ಮಡಿಸಲು ಬರುತ್ತಿರಲಿಲ್ಲ. ಚಾಕರಿ ಹೋಯಿತು, ಚಾಕರಿಯ ಜೊತೆಗೆ ಬಂದ ಎರಡೆಕರೆ ಇನಾಮು ಹೊಲವೂ ಹೋಯಿತು. ಊರಿಗೆಲ್ಲ ಪುಂಡುಗಂದಾಯ ಬಿತ್ತು.

ಸುದ್ದಿ ತಿಳಿದ ಆರು ಮಂದಿ ಹೊಳೆಯ ದಂಡೆಯಲ್ಲಿ ಕೂಡಿ ಯೋಚಿಸಿದರು. ಒಬ್ಬರು ಹೋಗಿ ಒಪ್ಪಿಕೊಂಡರೆ ಅವನು ಬಿಡುಗಡೆಯಾದಾನು. ಆದರೆ ಒಪ್ಪಿಕೊಂಡವನನ್ನು ಹೊಡೆದರೆ ಉಳಿದ ಐವರ ಹೆಸರು ಬರುತ್ತದೆ. ಐವರಿಂದ ಅನ್ನ ಹಾಕಿದ ಮನೆಗಳ ಹೆಸರು ಬರುತ್ತದೆ. ಯಾರೂ ಹೋಗಕೂಡದೆಂದು ತೀರ್ಮಾನವಾಯಿತು. "ನಾನೂ ಹೂಂ ಅಂದೆ" ಎಂದರು ಕಾಕಾ. ಮುಂದಿನ ಬೇಸಿಗೆಯಲ್ಲಿ ತಂತಿ ಕತ್ತರಿಸಿದ ಬೇರೊಂದು ಆರೋಪದ ಮೇಲೆ ಅವರು ಸಿಕ್ಕಿಬಿದ್ದು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಹದಿನಾಲ್ಕು ತಿಂಗಳು ಕಳೆದರು. ಚಾವಡಿಯ ಮೊಕದ್ದಮೆಯಲ್ಲಿ ಅವರ ಹೆಸರು ಎಂದೂ ಬರಲಿಲ್ಲ.

ಹದಿನೈದರ ಹುಡುಗನಿಗೆ ಇದನ್ನು ಏಕೆ ಹೇಳಿದರೊ ನಾನರಿಯೆ. ಬಹುಶಃ ಹೇಳಲು ಬೇರೆ ಯಾರೂ ಸಿಕ್ಕಿರಲಿಲ್ಲ. ತನ್ನ ಕೈಯೂ ಏಳದೆ ಹೋದವನಿಗೆ ಮಾತ್ರ ಹೇಳಬಹುದಾದ ಮಾತು ಅದು.

ಅವರು ಮಾಡಿದ್ದು ತಪ್ಪೆ? ಎಷ್ಟು ಸಲ ತೂಗಿದರೂ ತಪ್ಪೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಆ ಹೊತ್ತಿನಲ್ಲಿ ಸತ್ಯ ಹೇಳುವುದೆಂದರೆ ಹತ್ತಾರು ಮನೆಗಳನ್ನು ಫೌಜದಾರನ ಕೈಗೆ ಕೊಡುವುದು. ಗಾಂಧೀಜಿಯವರಿಗೆ ಗುಟ್ಟಿನ ಕೆಲಸ ಹಿಡಿಸುತ್ತಿರಲಿಲ್ಲ. ಸತ್ಯಾಗ್ರಹಿ ಮಾಡಿದ್ದನ್ನು ಮಾಡಿದೆನೆಂದು ನಿಂತು ಹೇಳಬೇಕು, ಶಿಕ್ಷೆಯನ್ನು ತಾನೇ ಹೊರಬೇಕು ಎಂಬುದು ಅವರ ಮತ. 1944ರಲ್ಲಿ ಬಿಡುಗಡೆಯಾದ ಮೇಲೆ ಭೂಗತರಾಗಿದ್ದವರಿಗೆಲ್ಲ ಹೊರಗೆ ಬಂದು ಒಪ್ಪಿಸಿಕೊಳ್ಳಿರೆಂದು ಹೇಳಿದರು. ಅರುಣಾ ಆಸಫ್ ಅಲಿಯವರು ಆ ಮಾತಿಗೂ ಒಪ್ಪದೆ, 1946ರಲ್ಲಿ ವಾರಂಟು ರದ್ದಾಗುವವರೆಗೆ ಅಡಗಿಯೇ ಇದ್ದರು. ಗಾಂಧೀಜಿಯವರ ಮೇಲಿನ ಅವರ ಭಕ್ತಿಗೆ ಅದರಿಂದ ಕುಂದು ಬಂದಂತೆ ಕಾಣುವುದಿಲ್ಲ, ಅವರ ಮೇಲೆ ಗಾಂಧೀಜಿಯವರಿಗಿದ್ದ ವಾತ್ಸಲ್ಯಕ್ಕೂ. ಇಬ್ಬರಲ್ಲಿ ಯಾರು ಸರಿ ಎಂದು ನನ್ನನ್ನು ಕೇಳಿದರೆ, ಆ ವಾಲೀಕಾರನ ಬೆರಳು ಕಣ್ಣಿಗೆ ಕಟ್ಟಿದಾಗ ಗಾಂಧೀಜಿ ಸರಿ ಎನ್ನುತ್ತೇನೆ; ಅನ್ನ ಹಾಕಿದ ಮನೆಗಳು ಕಣ್ಣಿಗೆ ಕಟ್ಟಿದಾಗ ಅರುಣಾ ಸರಿ ಎನ್ನುತ್ತೇನೆ.

ಆದರೆ ತಪ್ಪಲ್ಲವೆಂದ ಮಾತ್ರಕ್ಕೆ ಲೆಕ್ಕ ಮುಗಿಯಿತೆ? ನಮ್ಮ ಹಿರಿಯರು ಇದನ್ನು ಚೆನ್ನಾಗಿ ಬಲ್ಲವರು. ಅಶ್ವತ್ಥಾಮ ಸತ್ತನೆಂದು ಕೂಗಿ, ಆನೆ ಎಂಬುದನ್ನು ಮೆಲ್ಲಗೆ ಹೇಳಿದ ಧರ್ಮರಾಯನಿಗೆ ಬೇರೆ ದಾರಿ ಇತ್ತೆಂದು ಭಾರತ ಎಲ್ಲಿಯೂ ಸಾಧಿಸಹೋಗುವುದಿಲ್ಲ. ಆ ಮಾತು ಆಡದಿದ್ದರೆ ಸೇನೆ ಉಳಿಯುತ್ತಿರಲಿಲ್ಲ, ಆಡಿಸಿದವನು ಸಾಕ್ಷಾತ್ ಕೃಷ್ಣ. ಆದರೂ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ನೆಲ ಮುಟ್ಟಿತು. ಕೊನೆಗೆ ಸ್ವರ್ಗಕ್ಕೆ ಹೋದಾಗಲೂ ಆ ಒಂದು ಮಾತಿಗಾಗಿ ಕ್ಷಣಕಾಲ ನರಕ ಕಾಣಬೇಕಾಯಿತು. ಆಪದ್ಧರ್ಮವೆಂಬ ಮಾತನ್ನು ನಾವು ಇಂದು ಪಾಪವೆಲ್ಲ ಕಳೆಯುವ ಮಂತ್ರದಂತೆ ಬಳಸುತ್ತೇವೆ. ಕಥೆ ಬರೆದವರಿಗೆ ಅಷ್ಟು ಧೈರ್ಯವಿರಲಿಲ್ಲ.

ಬಹಳ ವರ್ಷಗಳ ಮೇಲೆ, ಯುದ್ಧಕಾಲದ ನಾರ್ವೆಯ ವಿಚಾರ ಓದುತ್ತಿದ್ದಾಗ ಕಾಕಾ ಥಟ್ಟನೆ ನೆನಪಾದರು. 1940ರ ಏಪ್ರಿಲ್‌ನಲ್ಲಿ ಜರ್ಮನರು ಆ ದೇಶವನ್ನು ಹಿಡಿದರು. ಅದೇ ವರ್ಷದ ಕೊನೆಯ ಭಾಗದಲ್ಲಿ ಅವರ ಕೈಗೊಂಬೆಯ ಆಡಳಿತ ದೇಶದ ಕ್ರೀಡಾ ಸಂಘಗಳನ್ನೆಲ್ಲ ತನ್ನ ಇಲಾಖೆಯ ಕೆಳಗೆ ತರಹೊರಟಿತು. ಆಟಗಾರರು ಏನು ಮಾಡಿದರು? ಆಡುವುದನ್ನೇ ಬಿಟ್ಟರು. ಹಿಮದ ಮೇಲೆ ಜಾರುವುದೇ ಉಸಿರಾದ ಜನ ಅವರು. ಆದರೂ ಯುದ್ಧ ಮುಗಿಯುವವರೆಗೆ ಸರಕಾರದ ಪಂದ್ಯಗಳಿಗೆ ಆಟಗಾರರೂ ಹೋಗಲಿಲ್ಲ, ನೋಡುವವರೂ ಹೋಗಲಿಲ್ಲ. ಆಡಲೇಬೇಕೆನಿಸಿದವರು ಕಾಡಿನೊಳಗೆ ಕದ್ದು ಪಂದ್ಯ ನಡೆಸಿದರು. 1942ರಲ್ಲಿ ಶಾಲಾ ಮಾಸ್ತರರ ಸರದಿ. ಹೊಸ ಸರಕಾರಿ ಸಂಘಕ್ಕೆ ಸೇರಿರೆಂದರೆ ಬಹುಮಂದಿ ಒಲ್ಲೆವೆಂದು ಕಾಗದ ಬರೆದರು. ಸುಮಾರು 1,100 ಮಂದಿ ಸೆರೆಯಾದರು. ಅವರಲ್ಲಿ 500ರಷ್ಟು ಮಂದಿಯನ್ನು ದೇಶದ ಬಡಗಣ ತುದಿಯ ಕಿರ್ಕೆನೆಸ್‌ಗೆ ಕಳಿಸಿ ಕೂಲಿ ಮಾಡಿಸಿದರು. ಮಾಸ್ತರರು ಬಗ್ಗಲಿಲ್ಲ, ಆ ವರ್ಷ ಮುಗಿಯುವ ಮೊದಲೇ ಅವರನ್ನು ಮನೆಗೆ ಬಿಡಬೇಕಾಯಿತು.

ಕದ್ದು ನಡೆಸಿದ ಆ ಪಂದ್ಯಗಳ ಮೇಲೆ ನನ್ನ ಮನಸ್ಸು ನಿಲ್ಲುತ್ತದೆ. ಕಾನೂನಿನ ಕಣ್ಣಿಗೆ ಅಪರಾಧಿಗಳಾದವರು ಕಾಡಿನೊಳಗೆ ಕೂಡಿ, ಅಲ್ಲಿಯೂ ಗೆರೆ ಎಳೆದು, ಆ ಗೆರೆಯ ಹಿಂದೆ ನಿಂತು, ಹೊರಡೆಂದಾಗಲೇ ಹೊರಟಿರಬೇಕು. ಇಲ್ಲದಿದ್ದರೆ ಅದು ಪಂದ್ಯವೇ ಅಲ್ಲ. ಹೊರಗಿನಿಂದ ಬಂದವನು ಹೇರಿದ ಕಟ್ಟಳೆಯನ್ನು ಮುರಿದವರೇ ತಾವು ಒಪ್ಪಿ ಹಾಕಿಕೊಂಡ ಗೆರೆಯನ್ನು ಕಾದರು. ಅಂದಮೇಲೆ ನನ್ನ ಮೊದಲ ಪ್ರಶ್ನೆ ಪ್ರಶ್ನೆಯೇ ಅಲ್ಲವೇನೊ. ತಂತಿ ಕತ್ತರಿಸಿದ ಕೈ ಗೆರೆ ಎಳೆಯಬಹುದು, ಚೆನ್ನಾಗಿಯೇ ಎಳೆದೀತು. ಕಾಕಾರನ್ನು ಸುಡುತ್ತಿದ್ದದ್ದು ಕಾನೂನು ಮುರಿದದ್ದಲ್ಲ. ತಾವಾಗಿ ಒಪ್ಪಿದ ಆಟದಲ್ಲಿ, ಮುಟ್ಟಿಸಿಕೊಂಡೂ ಅಂಗಳದಲ್ಲಿ ನಿಂತೇ ಇದ್ದದ್ದು.

ಸ್ವಾತಂತ್ರ್ಯದ ಬೆಳ್ಳಿಹಬ್ಬದ ವರ್ಷ, 1972ರಲ್ಲಿ, ಹೋರಾಟಗಾರರಿಗೆ ತಾಮ್ರಪತ್ರವೂ ತಿಂಗಳಿಗೆ ಇನ್ನೂರು ರೂಪಾಯಿಯ ಪಿಂಚಣಿಯೂ ಬಂದವು. ಕಾಕಾ ಬೇಡವೆಂದಿರಬೇಕೆಂದು ವಾಚಕರು ಊಹಿಸಿಯಾರು. ನಾನೂ ಹಾಗೇ ಊಹಿಸಿದ್ದೆ. ಇಲ್ಲ, ತೆಗೆದುಕೊಂಡರು. ಆಗ ನಾನು ಬೇರೆ ಊರಿನಲ್ಲಿ ಉಪಾಧ್ಯಾಯನಾಗಿದ್ದೆ. 1974ರ ದೀಪಾವಳಿಗೆ ಊರಿಗೆ ಹೋದಾಗ ಅವರು ಅದೇ ಬಯಲಿನಲ್ಲಿ ಹೊಸ ಹುಡುಗರ ನಡುವೆ ಇದ್ದರು. ತಾಮ್ರಪತ್ರ ಎಲ್ಲಿ ಕಾಕಾ ಎಂದರೆ, "ಕಾಳಿನ ಪೆಟಿಗ್ಯಾಗ ಐತಿ" ಎಂದರು. ಪಿಂಚಣಿಯಲ್ಲಿ ಒಂದಿಷ್ಟು ಹಣದಿಂದ ಹುಡುಗರಿಗೆ ಸುಣ್ಣ, ಹಗ್ಗ, ಶೇಂಗಾ, ಬೆಲ್ಲ ಬರುತ್ತಿದ್ದವು. ಇದೇನು ಪ್ರಾಯಶ್ಚಿತ್ತವೆ ಎಂದು, ಓದಿದವನ ಜಂಬದಿಂದ, ಕೇಳಿಬಿಟ್ಟೆ. ಅವರು ನಕ್ಕು, "ಸುಣ್ಣ ತರಾಕ ರೊಕ್ಕ ಬೇಕಲ್ಲಪಾ" ಎಂದರು.

ಆ ಸಂಜೆಯೇ ಕಥೆಯ ಉಳಿದ ಭಾಗ ಹೊರಬಿದ್ದದ್ದು. 1946ರಲ್ಲಿ, ಇನ್ನು ಯಾರಿಗೂ ಅಪಾಯವಿಲ್ಲವೆಂದಾದ ಮೇಲೆ, ಅವರು ಆ ವಾಲೀಕಾರನ ಗುಡಿಸಲಿಗೆ ಹೋದರು. ಅವನು ಆಗ ಬೇರೆಯವರ ಹೊಲದಲ್ಲಿ ಕೂಲಿ. ನಿನ್ನ ಕೈ ಕಟ್ಟಿದವನು ನಾನು ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನೇ ಅಂದನಂತೆ:

"ನನಗ ಅವತ್ತ ಗೊತ್ತಿತ್ತರೀ ಗೌಡ್ರ. ಮುಖಕ್ಕ ಬಟ್ಟಿ ಕಟ್ಟಿದ್ರಿ, ಧ್ವನಿಗೆ ಕಟ್ಟಿದ್ದಿಲ್ಲ. ಕೈ ಬಿಗಿ ಆತೇನಂತ ಕೇಳಿದ್ರಲ್ಲ."

ಹಾಗಾದರೆ ಹನ್ನೊಂದು ದಿನ ಏಕೆ ಹೇಳಲಿಲ್ಲವೆಂದು ಕಾಕಾ ಕೇಳಿದರು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರು ಹೊಡದು ಕೇಳಿದ್ರರೀ" ಎಂದನಂತೆ. ಬೇರೇನೂ ಹೇಳಲಿಲ್ಲ. ಕಾಕಾ ತಂದಿದ್ದ ಜೋಳದ ಚೀಲವನ್ನು ಇಟ್ಟುಕೊಂಡ. ಹೊಲ ಬರೆದುಕೊಡುತ್ತೇನೆಂದದ್ದಕ್ಕೆ ಒಪ್ಪಲಿಲ್ಲ.

ಅವನಿಗೂ ಪಿಂಚಣಿ ಬರಬಹುದಿತ್ತಲ್ಲವೆ ಎಂದೆ. ಆರು ತಿಂಗಳ ಸೆರೆಯ ದಾಖಲೆ ಬೇಕು, ಇವನದು ಹನ್ನೊಂದು ದಿನ, ಅದಕ್ಕೂ ಕಾಗದವಿಲ್ಲ. ಇದ್ದರೂ, 1972ಕ್ಕೆ ಅವನು ಸತ್ತು ನಾಲ್ಕು ವರ್ಷವಾಗಿತ್ತು. ಚಳವಳಿಗೆ ಸೇರದವನು, ಘೋಷಣೆ ಕೂಗದವನು, ಯಾವ ಧ್ವಜವನ್ನೂ ಹಿಡಿಯದವನು. ಆರು ಮಂದಿಯ ಹೆಸರನ್ನಲ್ಲದಿದ್ದರೂ ಒಬ್ಬನ ಹೆಸರನ್ನು ಹಲ್ಲಿನ ನಡುವೆ ಹಿಡಿದು ಹನ್ನೊಂದು ದಿನ ಕಳೆದ. ಆ ಒಂದು ಹೆಸರಿನಿಂದ ಉಳಿದವು ಬರುತ್ತಿದ್ದವೆಂಬುದು ಹೊಳೆಯ ದಂಡೆಯ ಸಭೆಯವರಿಗೆ ಗೊತ್ತಿತ್ತು. ಅವರನ್ನು ಕಾಪಾಡಿದ್ದು ಅವರ ಗುಟ್ಟಲ್ಲ, ಅವನ ಗುಟ್ಟು. ಇಂಥವರು ಎಷ್ಟು ಮಂದಿ ಇದ್ದರೊ! ಚಾವಡಿಯ ದಫ್ತರ ಸುಟ್ಟವರ ಹೆಸರು ಇನ್ನೊಂದು ದಫ್ತರಕ್ಕೆ ಏರಿತು. ಅವರ ಹೆಸರು ಯಾವುದಕ್ಕೂ ಏರಲಿಲ್ಲ.

ಬಯಲಿನ ಕೆಲಸದಿಂದ ಈ ಋಣ ತೀರಿತೆಂದು ಕಾಕಾ ಎಂದೂ ನಂಬಿದವರಲ್ಲ. ಸಲ್ಲಬೇಕಾದವನಿಗೆ ಸಲ್ಲದ ಸಾಲವನ್ನು ಊರ ಮಕ್ಕಳಿಗೆ ಹಂಚಿದರೆ ತೀರೀತೆ? ನನಗನ್ನಿಸುವುದು ಇಷ್ಟು: ಸತ್ಯ ಹೇಳುವುದಕ್ಕೆ ಬೆಲೆ ಒಂದೇ ಒಂದು ಅಂಕವಾಗಿರುವ ಜಾಗವೊಂದು ಲೋಕದಲ್ಲಿ ಇರಬೇಕೆಂದು ಅವರಿಗೆ ಆಸೆಯಾಗಿತ್ತು. 1942ರಲ್ಲಿ ಕೈ ಎತ್ತಿದ್ದರೆ ಹತ್ತಾರು ಮನೆ ಹಾಳು. ಇಲ್ಲಿ ಕೈ ಎತ್ತಿದರೆ ಎರಡು ನಿಮಿಷ ಗೆರೆಯಾಚೆ ಕೂರಬೇಕು, ಅಷ್ಟೆ. ಅಗ್ಗವಾಗಿದ್ದಾಗ ರೂಢಿ ಮಾಡಿಕೊಂಡರೆ ದುಬಾರಿಯಾದಾಗ ಕೈ ಬಂದೀತು ಎಂದೇನಾದರೂ ಅವರು ಲೆಕ್ಕ ಹಾಕಿದ್ದರೆ, ಆ ಲೆಕ್ಕ ಅಷ್ಟು ಸರಿಯಾಗಲಿಲ್ಲ. ನಮ್ಮ ತಂಡದಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತುತ್ತಿದ್ದವನು ಮುಂದೆ ಗುತ್ತಿಗೆದಾರನಾದ. ಅವನು ಕಟ್ಟಿಸಿದ ಸಣ್ಣ ಸೇತುವೆ ಎರಡನೆಯ ಮಳೆಗಾಲ ಕಾಣಲಿಲ್ಲ. ಇದನ್ನು ಹೇಳಿದಾಗಲೂ ಕಾಕಾ ನಕ್ಕಿದ್ದರು. ಮರುದಿನ ನಾಲ್ಕೂವರೆಗೆ ಮತ್ತೆ ಗೆರೆ ತಿದ್ದುತ್ತಿದ್ದರು.

ಅವರು ತೀರಿಕೊಂಡು ಬಹಳ ವರ್ಷಗಳಾದವು. ಕಳೆದ ವರ್ಷ ಶಾಲೆಯವರು ಹಳೆಯ ವಿದ್ಯಾರ್ಥಿಗಳನ್ನು ಕರೆಸಿದ್ದರು. ಬಯಲಿನ ಒಂದು ಮೂಲೆಯಲ್ಲಿ ಹೊಸ ಕೋಣೆಗಳು ಎದ್ದಿವೆ. ಉಳಿದಷ್ಟರಲ್ಲಿ ಹುಡುಗಿಯರು ಖೋ ಖೋ ಆಡುತ್ತಿದ್ದರು, ಗೆರೆ ಸ್ವಲ್ಪ ಸೊಟ್ಟಗಿತ್ತು. ಮುಖ್ಯೋಪಾಧ್ಯಾಯರು, ನನಗಿಂತ ಮೂವತ್ತು ವರ್ಷ ಚಿಕ್ಕವರು, ಒಳಗೆ ಕರೆದುಕೊಂಡು ಹೋಗಿ ಗಾಜಿನ ಕಪಾಟು ತೋರಿಸಿದರು. 1966ರ ಢಾಲು ಅಲ್ಲಿಯೇ ಇದೆ, ಬೆಳ್ಳಿಯ ಬಣ್ಣ ಹೋಗಿ ಒಳಗಿನ ತಗಡು ಕಾಣುತ್ತಿದೆ. ಶಾಲೆಗೆ ಬಂದ ಮೊದಲ ಢಾಲು ಇದೇ ಸರ್, ನೀವೂ ಆ ತಂಡದಲ್ಲಿದ್ದಿರಂತೆ, ಹೌದೆ ಎಂದರು.

ಹೌದೆಂದೆ.